ಸುಟ್ಟ ಕೈಯಿಂದ ಮೂಡಿದ ಮಾತೆ ಮರಿಯಮ್ಮನವರ ಚಿತ್ರಗಳು



ಜನವರಿ 1 ಬಂತೆಂದರೆ ಹೊಸ ವರ್ಷದ ಸಂಭ್ರಮದೊಂದಿಗೆ ದೇವಮಾತೆ ಮರಿಯಮ್ಮನವರ ಮಹೋತ್ಸವವೂ ಬರುತ್ತದೆ. ಶತಮಾನಗಳ ಕಾಲ ಅದೇ ದಿನ ಬಾಲಯೇಸುವಿನ ಸುನ್ನತಿಯ ಹಬ್ಬವೂ ಆಗಿತ್ತು. ಹುಟ್ಟಿದ ಎಂಟನೆಯ ದಿನ ಮಗುವಿಗೆ ಸುನ್ನತಿ ಮಾಡಿ 'ಯೇಸು' ಎಂದು ಹೆಸರಿಟ್ಟರೆಂದು ಸಂತ ಲೂಕನ ಶುಭಸಂದೇಶ ನಮಗೆ ತಿಳಿಸುತ್ತದೆ. ಈ ಘಟನೆಯನ್ನು ತಾಮ್ರದ ತಗಡಿನ ಮೇಲೆ ಕೆತ್ತಿ ಯೂರೋಪನ್ನೇ ಬೆರಗುಗೊಳಿಸಿದ ಒಬ್ಬ ಕಲಾವಿದರು 1617ರ ಜನವರಿ 1ರಂದೇ ತೀರಿಕೊಂಡರು. ಅವರೇ ಹಾಲೆಂಡಿನ ಹಾರ್ಲೆಮ್ ಪಟ್ಟಣದ ಹೆಂಡ್ರಿಕ್ ಗೋಲ್ಟ್ಸಿಯಸ್.

ಬೆಂಕಿಗೆ ಬಿದ್ದ ಮಗು

ಗೋಲ್ಟ್ಸಿಯಸ್ 1558ರಲ್ಲಿ ಈಗಿನ ಜರ್ಮನಿಯ ಗಡಿಭಾಗದ ಬ್ರಾಕ್ಟ್ ಎಂಬ ಊರಿನ ಬಳಿ ಹುಟ್ಟಿದರು. ತಂದೆ ಗಾಜಿನ ಮೇಲೆ ಚಿತ್ರ ಬರೆಯುವವರು. ಅವರ ಬಾಳಿನ ಕಥೆಯನ್ನು ಗೆಳೆಯ ಕಾರೆಲ್ ವಾನ್ ಮಾಂಡರ್ 1604ರಲ್ಲಿ ಅಚ್ಚಾದ ತಮ್ಮ ಕಲಾವಿದರ ಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಆಗಷ್ಟೇ ನಡೆಯಲು ಕಲಿತಿದ್ದ ಮಗು ಮುಗ್ಗರಿಸಿ ಒಲೆಯ ಬೆಂಕಿಗೆ ಬಿತ್ತು. ಎರಡೂ ಕೈಗಳು ಕೆಂಡದಲ್ಲಿ ಸುಟ್ಟವು. ತಾಯಿ ದಬ್ಬೆ ಕಟ್ಟಿ, ಮುಲಾಮು ಹಚ್ಚಿ ಹಗಲಿರುಳು ಆರೈಕೆ ಮಾಡಿದರು. ಅಷ್ಟರಲ್ಲಿ ನೆರೆಮನೆಯ ಹೆಂಗಸೊಬ್ಬಳು ತನಗೆ ಇದಕ್ಕಿಂತ ಚೆನ್ನಾಗಿ ಗೊತ್ತೆಂದು ಹೇಳಿ, ದಬ್ಬೆ ಬಿಚ್ಚಿ ಬಲಗೈಗೆ ಬರೀ ಬಟ್ಟೆ ಸುತ್ತಿದಳು. ಕೈಯ ನರಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದವು. ಜೀವಮಾನವಿಡೀ ಅವರಿಗೆ ಬಲಗೈಯನ್ನು ಪೂರ್ತಿಯಾಗಿ ಬಿಚ್ಚಲು ಆಗಲೇ ಇಲ್ಲ.

ಈ ಕೈ ಇನ್ನು ಯಾವ ಕೆಲಸಕ್ಕೆ ಬಂದೀತು ಎಂದು ತಂದೆತಾಯಿ ಎಷ್ಟು ನೊಂದಿರಬೇಡ! ಆದರೆ ಅದೇ ಕೈ ಕೆತ್ತನೆಯ ಉಳಿಯನ್ನು ಹಿಡಿಯಿತು. 1588ರಲ್ಲಿ ಅವರು ಸೊಟ್ಟಗಾದ ಬೆರಳುಗಳುಳ್ಳ ತಮ್ಮ ಬಲಗೈಯನ್ನೇ ಲೇಖನಿಯಿಂದ ಬರೆದರು. ಅದು ಇಂದು ಹಾರ್ಲೆಮಿನ ಟೇಲರ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಊನವಾದ ಕೈಯನ್ನು ಅವರು ಮರೆಮಾಡಲಿಲ್ಲ. ಬದಲಿಗೆ ಅದರ ಕೆಳಗೆ ತಮ್ಮ ಹೆಸರು ಬರೆದರು.

ತಾಮ್ರದ ಮೇಲಿನ ಉಳುಮೆ

ಈ ಕೆಲಸ ನಡೆಯುವುದು ಹೇಗೆ? ನುಣುಪಾದ ತಾಮ್ರದ ತಗಡನ್ನು ಚರ್ಮದ ದಿಂಬಿನ ಮೇಲಿಟ್ಟು, ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳಬೇಕು. ನೇಗಿಲು ನೆಲವನ್ನು ಸೀಳುವ ಹಾಗೆ ಅದು ಲೋಹವನ್ನು ಸೀಳುತ್ತಾ ಹೋಗುತ್ತದೆ. ಗೆರೆ ಬಾಗಬೇಕಾದರೆ ಕೈಯನ್ನಲ್ಲ, ತಗಡನ್ನು ತಿರುಗಿಸಬೇಕು. ಹೆಚ್ಚು ಒತ್ತಿದರೆ ಗೆರೆ ದಪ್ಪ, ಕಡಿಮೆ ಒತ್ತಿದರೆ ತೆಳು. ಕೆತ್ತಿ ಮುಗಿದ ಮೇಲೆ ಮಸಿ ಹಚ್ಚಿ, ಮೇಲ್ಮೈಯನ್ನು ಒರೆಸಿದರೆ ಗೆರೆಗಳ ಒಳಗೆ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದವನ್ನು ಅದರ ಮೇಲಿಟ್ಟು ಅಚ್ಚಿನ ಯಂತ್ರದಲ್ಲಿ ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಆದರೆ ಎಡವಿದ್ದದ್ದು ಬಲವಾಗುತ್ತದೆ. ಆದ್ದರಿಂದ ಎಲ್ಲವನ್ನೂ ತಿರುವುಮುರುವಾಗಿಯೇ ಕೆತ್ತಬೇಕು. ಉಬ್ಬುತ್ತಾ ಸೊರಗುತ್ತಾ ಸಾಗುವ ಗೋಲ್ಟ್ಸಿಯಸ್ಸರ ಗೆರೆಗಳಿಗೆ ಸಾಟಿಯಾಗುವವರು ಆ ಕಾಲದಲ್ಲಿ ವಿರಳ.

ಗೋಡೆಗೆ ಬರೆದ ಚಿತ್ರ ಒಂದೇ ಕಡೆ ಇರುತ್ತದೆ. ಒಂದು ತಗಡಿನಿಂದಾದರೋ ನೂರಾರು ಪ್ರತಿಗಳು ಊರೂರಿಗೆ ಹೋಗುತ್ತವೆ. ನಮ್ಮ ಪ್ರಾರ್ಥನಾ ಪುಸ್ತಕಗಳೊಳಗಿನ ಸಣ್ಣ ಪವಿತ್ರ ಚಿತ್ರಗಳಿಗೆ ಇಂಥ ಅಚ್ಚುಚಿತ್ರಗಳೇ ಹಿರಿಯರು.

ಒಡೆದ ಊರಿನಲ್ಲಿ ಪ್ರಕಾಶಕ

ಗೋಲ್ಟ್ಸಿಯಸ್ ಈ ವಿದ್ಯೆಯನ್ನು ಕಲಿತದ್ದು ಡಿರ್ಕ್ ಕೋರ್ನ್‌ಹರ್ಟ್ ಅವರಿಂದ. ವಿಶ್ವಾಸದ ಹೆಸರಿನಲ್ಲಿ ಯಾರನ್ನೂ ಕೊಲ್ಲಬಾರದೆಂದು ಧೈರ್ಯವಾಗಿ ವಾದಿಸಿದವರು ಅವರು. 1577ರಲ್ಲಿ ಗುರುವಿನ ಹಿಂದೆಯೇ ಶಿಷ್ಯರೂ ಹಾರ್ಲೆಮಿಗೆ ಬಂದು ನೆಲೆಸಿದರು.

ಅದು ಗಾಯಗೊಂಡ ಊರು. 1572-73ರಲ್ಲಿ ಸ್ಪೇನಿನ ಸೈನ್ಯ ಏಳು ತಿಂಗಳು ಮುತ್ತಿಗೆ ಹಾಕಿ ಅದನ್ನು ಹಸಿವಿನಿಂದ ಮಣಿಸಿತ್ತು. 1578ರ ಮೇ 29ರಂದು, ಪರಮ ಪ್ರಸಾದದ ಹಬ್ಬದ ದಿನವೇ, ಪ್ರಭುಗಳ ವಿರುದ್ಧ ದಂಗೆ ಎದ್ದಿದ್ದ ಪಕ್ಷದ ಸೈನಿಕರು ಸಂತ ಬಾವೋ ಪ್ರಧಾನಾಲಯಕ್ಕೆ ನುಗ್ಗಿ ಭಕ್ತಾದಿಗಳ ಮೇಲೆ ಕೈಮಾಡಿದರು. ದೇವಾಲಯ ಪ್ರೊಟೆಸ್ಟಂಟರ ವಶವಾಯಿತು. ಕಥೋಲಿಕರ ಬಹಿರಂಗ ಪೂಜೆ ನಿಂತುಹೋಯಿತು. ರಕ್ತ ಹರಿಸಿದವರು ಎರಡೂ ಕಡೆ ಇದ್ದರು ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಇಂಥ ಊರಿನಲ್ಲಿ 1582ರಲ್ಲಿ ಗೋಲ್ಟ್ಸಿಯಸ್ ಸ್ವಂತ ಪ್ರಕಾಶನವನ್ನು ಆರಂಭಿಸಿದರು. ಅದುವರೆಗೆ ಆಂಟ್‌ವರ್ಪಿನ ಪ್ರಕಾಶಕ ಫಿಲಿಪ್ ಗಾಲೆ ಮುಂತಾದವರಿಗೆ ಕೆತ್ತಿಕೊಡುತ್ತಿದ್ದವರು ಈಗ ತಾವೇ ಕೆತ್ತಿ, ಅಚ್ಚು ಹಾಕಿಸಿ, ಮಾರತೊಡಗಿದರು. ಯಾಕೋಬ್ ಡಿ ಖೇನ್, ಯಾನ್ ಸಾನ್‌ರೆಡಾಮ್ ಮೊದಲಾದ ಶಿಷ್ಯರು ಅಲ್ಲಿ ತಯಾರಾದರು. ವಿಧವೆಯೊಬ್ಬರನ್ನು ಮದುವೆಯಾಗಿದ್ದ ಅವರು ಆಕೆಯ ಮಗ ಯಾಕೋಬ್ ಮಾಥಾಮನಿಗೂ ಕೆತ್ತನೆಯನ್ನು ಕಲಿಸಿದರು. ಮುಂದೆ ಆ ಕಸುಬನ್ನು ನಡೆಸಿಕೊಂಡು ಹೋದದ್ದೂ ಆ ಮಗನೇ. ದಂಗೆಯ ನಾಯಕ ಆರೆಂಜಿನ ವಿಲಿಯಂನ ಶವಯಾತ್ರೆಯನ್ನು ಕೆತ್ತಿದ ಅದೇ ಕೈ ಮಾತೆ ಮರಿಯಮ್ಮನವರ ಚರಿತ್ರೆಯನ್ನೂ ಕೆತ್ತಿತು.

ಬರಗಾಲದ ರೋಮಿನಲ್ಲಿ

ಅವರ ಆರೋಗ್ಯ ಮಾತ್ರ ಚೆನ್ನಾಗಿರಲಿಲ್ಲ. ವರ್ಷಗಟ್ಟಲೆ ಕೆಮ್ಮಿ ರಕ್ತ ಕಾರುತ್ತಿದ್ದರು. ಹೇಗಿದ್ದರೂ ಸಾಯುವುದೇ ಆದರೆ ಇಟಲಿಯನ್ನಾದರೂ ನೋಡಿ ಸಾಯೋಣವೆಂದು 1590ರಲ್ಲಿ ಹೊರಟರು. ಹೆಸರುವಾಸಿ ಕಲಾವಿದನೆಂದು ತಿಳಿದರೆ ಜನ ಮುತ್ತುತ್ತಾರೆಂದು ವೇಷ ಮರೆಸಿಕೊಂಡರು. ಒಮ್ಮೆ ಚೀಸ್ ವ್ಯಾಪಾರಿಯೆಂದೂ ಹೇಳಿಕೊಂಡರಂತೆ. ರೋಮಿನಲ್ಲಿ ಆಗ ಬರಗಾಲ. ಬೀದಿಗಳಲ್ಲಿ ಜನ ಸಾಯುತ್ತಿರುವಾಗಲೂ ಅವರು ಹಳೆಯ ಶಿಲಾಪ್ರತಿಮೆಗಳ ಮುಂದೆ ಕುಳಿತು ಅಭ್ಯಾಸ ಮಾಡಿದರು. 1591ರಲ್ಲಿ ಊರಿಗೆ ಮರಳಿದರು. ಸಾಯಲು ಹೊರಟವರಿಗೆ ಇನ್ನೂ 25 ವರ್ಷ ಆಯುಸ್ಸಿತ್ತು!

ಆರು ಚಿತ್ರಗಳು, ಒಂದು ಪರೀಕ್ಷೆ

1593-94ರಲ್ಲಿ ಮಾತೆ ಮರಿಯಮ್ಮನವರ ಜೀವನದ ಆರು ಚಿತ್ರಗಳು ಹೊರಬಂದವು. ಮಂಗಳವಾರ್ತೆ, ಎಲಿಜಬೇತಮ್ಮನವರ ಭೇಟಿ, ಕುರಿಗಾಹಿಗಳ ಆರಾಧನೆ, ಸುನ್ನತಿ, ಜ್ಞಾನಿಗಳ ಆರಾಧನೆ ಮತ್ತು ಪವಿತ್ರ ಕುಟುಂಬ. ಒಂದೊಂದನ್ನೂ ಹಿಂದಿನ ಅಥವಾ ಸಮಕಾಲೀನ ಮಹಾನ್ ಕಲಾವಿದರೊಬ್ಬರ ಶೈಲಿಯಲ್ಲಿ ರಚಿಸಿದ್ದರು. ಕುರಿಗಾಹಿಗಳು ಬಸ್ಸಾನೋ ರೀತಿ, ಜ್ಞಾನಿಗಳು ಲ್ಯೂಕಾಸ್ ವಾನ್ ಲೇಡನ್ ರೀತಿ, ಪವಿತ್ರ ಕುಟುಂಬ ಬರೋಚ್ಚಿ ರೀತಿ. ಆದರೂ ಯಾವುದೂ ನಕಲಲ್ಲ. ಪ್ರತಿಯೊಂದೂ ಅವರದೇ ಕಲ್ಪನೆ. ಅವುಗಳನ್ನು ಬವೇರಿಯಾದ ಕಥೋಲಿಕ ದೊರೆ 5ನೆಯ ವಿಲ್ಹೆಲ್ಮನಿಗೆ ಅರ್ಪಿಸಿದರು.

ಸುನ್ನತಿಯ ಚಿತ್ರ 1528ರಲ್ಲಿ ತೀರಿಕೊಂಡಿದ್ದ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಅವರ ಶೈಲಿಯದು. ಹಿಂದೆ ನಿಂತ ಜನರ ನಡುವೆ ಗೋಲ್ಟ್ಸಿಯಸ್ ತಮ್ಮ ಮುಖವನ್ನೂ ಸೇರಿಸಿದ್ದರು. ಘಟನೆ ನಡೆಯುವ ಸ್ಥಳ ಯಾವುದು ಗೊತ್ತೇ? ಪೂಜೆ ನಿಂತುಹೋಗಿದ್ದ ಅದೇ ಸಂತ ಬಾವೋ ದೇವಾಲಯದ ಒಂದು ಭಾಗ!

ಮುಂದೆ ನಡೆದುದನ್ನು ವಾನ್ ಮಾಂಡರ್ ಸ್ವಾರಸ್ಯವಾಗಿ ಹೇಳುತ್ತಾರೆ. ಗೋಲ್ಟ್ಸಿಯಸ್ ಒಂದು ಪ್ರತಿಯಲ್ಲಿ ತಮ್ಮ ಮುಖವನ್ನೂ ಹೆಸರಿನ ಗುರುತನ್ನೂ ಸುಟ್ಟು ಅಳಿಸಿ, ಕಾಗದವನ್ನು ಹೊಗೆಯಲ್ಲಿ ಹಿಡಿದು ಹಳತಾಗಿಸಿ ಹೊರಗೆ ಕಳುಹಿಸಿದರು. ರೋಮ್, ವೆನಿಸ್, ಆಮ್‌ಸ್ಟರ್‌ಡಾಮ್‌ಗಳಲ್ಲಿ ಬಲ್ಲವರೆನಿಸಿಕೊಂಡವರು ಅದನ್ನು ಡ್ಯೂರರರ ಗುಪ್ತ ಕೃತಿಯೆಂದು ಕೊಂಡಾಡಿದರು. ಗೋಲ್ಟ್ಸಿಯಸ್ ಎಷ್ಟೇ ಶ್ರಮಿಸಿದರೂ ಇಂಥದ್ದನ್ನು ಮಾಡಲಾರರೆಂದೂ ಕೆಲವರು ಹೇಳಿದರಂತೆ. ಆಮೇಲೆ ಸುಡದ ಹೊಸ ಪ್ರತಿ ಅವರ ಕಣ್ಣ ಮುಂದೆ ಬಂದಾಗ ನಾಚಿಕೆಪಡುವ ಸರದಿ ಅವರದಾಯಿತು.

ಮೋಸ ಮಾಡುವುದು ಸರಿಯಲ್ಲ, ನಿಜ. ಆದರೆ ಈ ಪರೀಕ್ಷೆ ನಮಗೂ ಅನ್ವಯಿಸುತ್ತದೆ. ನಾವು ಕೆಲಸವನ್ನು ನೋಡಿ ಮೆಚ್ಚುತ್ತೇವೆಯೋ, ಅದರ ಹಿಂದಿನ ಹೆಸರನ್ನು ನೋಡಿ ಮೆಚ್ಚುತ್ತೇವೆಯೋ? ದೂರದವರು ಮಾಡಿದರೆ ಹೊಗಳುವ ನಾವು ನಮ್ಮ ಕೇರಿಯವನೇ ಮಾಡಿದರೆ ಯಾಕೆ ಹಗುರವಾಗಿ ಕಾಣುತ್ತೇವೆ? ನಜರೇತಿನ ಜನ ಬಡಗಿಯ ಮಗನನ್ನು ಕುರಿತು ಮಾಡಿದ ತಪ್ಪೂ ಇದೇ ಅಲ್ಲವೇ?

ಕೊನೆಯ ವರ್ಷಗಳು

1595ರಲ್ಲಿ ಚಕ್ರವರ್ತಿ 2ನೆಯ ರೂಡಾಲ್ಫ್ ಅವರ ಕೃತಿಗಳನ್ನು ಬೇರೆಯವರು ನಕಲು ಮಾಡದಂತೆ ರಕ್ಷಣೆ ನೀಡಿದನು. 1596-98ರಲ್ಲಿ ಅವರು ಪ್ರಭುವಿನ ಯಾತನೆಯ 12 ಚಿತ್ರಗಳನ್ನು ಕೆತ್ತಿ, ಮಿಲಾನಿನ ಕಾರ್ಡಿನಲ್ ಫೆಡೆರಿಕೊ ಬೊರ್ರೊಮೆಯೊ ಅವರಿಗೆ ಅರ್ಪಿಸಿದರು. 1600ರ ಹೊತ್ತಿಗೆ ಉಳಿಯನ್ನು ಬದಿಗಿಟ್ಟು, 42ನೆಯ ವಯಸ್ಸಿನಲ್ಲಿ ಹೊಸ ವಿದ್ಯಾರ್ಥಿಯಂತೆ ಬಣ್ಣದ ಕುಂಚ ಹಿಡಿದರು. ತೀರಿಕೊಂಡ ಮೇಲೆ ಅವರನ್ನು ಮಣ್ಣು ಮಾಡಿದ್ದು ಸುನ್ನತಿಯ ಚಿತ್ರದಲ್ಲಿ ಕೆತ್ತಿದ್ದ ಅದೇ ಸಂತ ಬಾವೋ ದೇವಾಲಯದಲ್ಲಿ.

ನಮ್ಮ ಮನೆಗಳಲ್ಲೂ ಅಂಗವಿಕಲ ಮಕ್ಕಳಿದ್ದಾರೆ, ಕಾಯಿಲೆಯಿಂದ ಸೊರಗಿದವರಿದ್ದಾರೆ. "ಪಾಪ, ಇವನಿಂದ ಏನಾದೀತು" ಎನ್ನುವ ಮಾತು ನಮ್ಮ ಬಾಯಿಗೆ ಸುಲಭವಾಗಿ ಬರುತ್ತದೆ. ಆ ಮಾತು ಬರುವ ಮೊದಲು ಹಾರ್ಲೆಮಿನ ಆ ಸೊಟ್ಟ ಬೆರಳುಗಳನ್ನು ನೆನೆಯೋಣ. ಮಗುವಿನ ಕೈಗೆ ಒಂದು ಕೆಲಸ ಕೊಟ್ಟು, ಅದು ಕಲಿಯುವವರೆಗೆ ತಾಳ್ಮೆಯಿಂದ ಪಕ್ಕದಲ್ಲಿ ಕೂರೋಣ. ಮಗುವನ್ನು ಎತ್ತಿ ಸಲಹಿದ ದೇವಮಾತೆ ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ದೊರಕಿಸಿಕೊಡಲಿ.