ಯೆಜ್ಡಿಯ ಪಾಯಿಂಟ್‌ಗೆ ಒಂದು ಟ್ರಾನ್ಸಿಸ್ಟರ್

ನಮ್ಮ ಮನೇಲಿ ಒಂದು ಹಳೇ ಯೆಜ್ಡಿ ಇದೆ. ತಾತ ಕೊಂಡಿದ್ದು, ಅಪ್ಪ ಓಡಿಸಿದ್ದು, ಈಗ ನನ್ನ ಪಾಲಿಗೆ ಬಂದಿರೋದು. ಹೋದ ದಸರಾ ರಜೆಯಲ್ಲಿ ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ನಿಂತುಬಿಡ್ತು. ಇಪ್ಪತ್ತು ಕಿಕ್ ಹೊಡೆದೆ. ನನಗೆ ಏದುಸಿರು ಬಂತೇ ಹೊರತು ಗಾಡಿಗೆ ಉಸಿರು ಬರಲಿಲ್ಲ. ಮನೆ ಸೇರಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಪಾಯಿಂಟ್ ನೋಡಿದ್ಯೇನೋ?"

ನಾನು ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್. ಪಾಯಿಂಟ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ಮೊದಲು ಊರಿನ ಕಥೆ. ನಮ್ಮ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ತಂದು 1961ರಲ್ಲಿ ಇಲ್ಲಿ ಜಾವಾ ತಯಾರಿ ಶುರುವಾಯ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡ್ತಿವೆ, ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯೋ ಅದೇ ಠೀವಿಯಲ್ಲಿ.

ಈಗ ವಿಷಯಕ್ಕೆ ಬರೋಣ. ಪ್ಲಗ್‌ನಲ್ಲಿ ಕಿಡಿ ಹಾರಬೇಕಾದ್ರೆ ಸಾವಿರಾರು ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರೋದು ಆರೇ ವೋಲ್ಟ್. ನಡುವೆ ಇರೋದು ಇಗ್ನಿಷನ್ ಕಾಯಿಲ್. ಅದರ ಪ್ರೈಮರಿಯ ರೆಸಿಸ್ಟೆನ್ಸ್ 2 ಓಮ್ ಅಂತ ಇಟ್ಕೊಳ್ಳಿ: 3 ಆಂಪಿಯರ್ ಹರಿಯುತ್ತೆ, ಕಾಯಿಲ್‌ನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತೆ. ಆ ಕರೆಂಟನ್ನ ಥಟ್ಟನೆ ಕತ್ತರಿಸಿದ್ರೆ ಕ್ಷೇತ್ರ ಕುಸಿದು ಸೆಕೆಂಡರಿಯಲ್ಲಿ ಹತ್ತು ಸಾವಿರ ವೋಲ್ಟ್ ದಾಟುತ್ತೆ. ಕತ್ತರಿಸೋ ಸ್ವಿಚ್ಚೇ ಪಾಯಿಂಟ್. ಬಲಗಡೆ ಕವರ್ ಬಿಚ್ಚಿ ನೋಡಿ, ಡೈನಮೋ ಪಕ್ಕದಲ್ಲೇ ಕೂತಿರುತ್ತೆ. ಕ್ರ್ಯಾಂಕ್ ಜೊತೆ ತಿರುಗೋ ಕ್ಯಾಮ್ ಅದನ್ನ ಎತ್ತುತ್ತೆ.

ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ 3000 ಸುತ್ತು ಅಂದ್ರೆ ಸೆಕೆಂಡಿಗೆ 50 ಸಲ, ಒಂದು ಗಂಟೆಗೆ 1,80,000 ಸಲ ಆ ಪುಟ್ಟ ಲೋಹದ ತುಟಿಗಳು 3 ಆಂಪಿಯರ್ ಕತ್ತರಿಸಬೇಕು. ಪ್ರತಿ ಸಲವೂ ಅಲ್ಲೊಂದು ಸಣ್ಣ ಕಿಡಿ ಹಾರಿ ಮೇಲ್ಮೈ ಸುಡುತ್ತೆ. ಅದನ್ನ ತಡೆಯೋಕೇ ಪಕ್ಕದಲ್ಲಿ ಕಂಡೆನ್ಸರ್ ಇರೋದು. ಅದು ಸತ್ತರೆ ಪಾಯಿಂಟ್ ಬೇಗ ಕರಕಲಾಗುತ್ತೆ, ಪ್ಲಗ್ ಕಿಡಿಯೂ ಮಂಕಾಗುತ್ತೆ. ಬೆಟ್ಟದಲ್ಲಿ ನನಗೆ ಆಗಿದ್ದು ಇದೇ. ಇದರ ಜೊತೆಗೆ ಕ್ಯಾಮ್ ಮೇಲೆ ಉಜ್ಜೋ ಫೈಬರ್ ಸವೆದ ಹಾಗೆ ಗ್ಯಾಪ್ ಕಡಿಮೆಯಾಗಿ, ಪಾಯಿಂಟ್ ತಡವಾಗಿ ತೆರೆದು, ಟೈಮಿಂಗ್ ಹಿಂದೆ ಬೀಳುತ್ತೆ.

ಪರಿಹಾರ ಮೂರು. ಒಂದು, ಇದ್ದದ್ದನ್ನೇ ಸರಿ ಮಾಡೋದು: ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಫೀಲರ್ ಗೇಜ್ ಇಟ್ಟು ಸುಮಾರು 0.4 ಮಿ.ಮೀ. ಗ್ಯಾಪ್. ಎರಡು, ಪಾಯಿಂಟನ್ನ ಉಳಿಸಿಕೊಂಡು ಕಾಯಿಲ್ ಕರೆಂಟಿನ ಭಾರವನ್ನ ಟ್ರಾನ್ಸಿಸ್ಟರ್‌ಗೆ ಕೊಡೋದು. ಮೂರು, ಪಾಯಿಂಟನ್ನೇ ತೆಗೆದು ಆಯಸ್ಕಾಂತ ಮತ್ತು ಹಾಲ್ ಸೆನ್ಸರ್ ಕೂರಿಸೋದು. ಮೂರನೆಯದರಲ್ಲಿ ಉಜ್ಜೋ ಭಾಗವೇ ಇಲ್ಲ, ಟೈಮಿಂಗ್ ಕದಲಲ್ಲ. ಆದ್ರೆ ಆಯಸ್ಕಾಂತ ಕೂರಿಸೋಕೆ ಲೇತ್ ಕೆಲಸ ಬೇಕು.

ನಾನು ಎರಡನೆಯದನ್ನ ಆರಿಸಿಕೊಂಡೆ. 47 ಓಮ್ ರೆಸಿಸ್ಟರ್ ಮೂಲಕ ಪಾಯಿಂಟ್‌ಗೆ 0.13 ಆಂಪಿಯರ್ ಮಾತ್ರ ಕೊಟ್ಟೆ. ಪೂರ್ತಿ ಸೊನ್ನೆ ಮಾಡಬಾರದು, ಮೇಲ್ಮೈಯ ಎಣ್ಣೆ ಪದರ ಭೇದಿಸೋಕೆ ಅಷ್ಟಾದ್ರೂ ಬೇಕು. ರೆಸಿಸ್ಟರ್‌ನಲ್ಲಿ 0.8 ವ್ಯಾಟ್ ಬಿಸಿ ಹುಟ್ಟೋದ್ರಿಂದ 2 ವ್ಯಾಟಿನದ್ದು ಹಾಕಿ. ಕಾಯಿಲ್ ಕತ್ತರಿಸೋಕೆ ಇಗ್ನಿಷನ್‌ಗಂತಲೇ ಮಾಡಿರೋ ಐಜಿಬಿಟಿ ಬೇಕು, ಯಾಕಂದ್ರೆ ಕರೆಂಟ್ ನಿಂತ ಕ್ಷಣ ಪ್ರೈಮರಿಯಲ್ಲೂ ನೂರಾರು ವೋಲ್ಟ್ ಏಳುತ್ತೆ. ಹಳೇ ಕಂಡೆನ್ಸರ್ ವೈರ್ ಬಿಚ್ಚಿಡಿ. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ ಅಂತ ಮೊದಲು ಮೀಟರ್ ಇಟ್ಟು ನೋಡಿ. ಮುಖ್ಯವಾಗಿ, ಸರ್ಕ್ಯೂಟ್ 5 ವೋಲ್ಟ್‌ಗಿಂತ ಕೆಳಗೂ ಕೆಲಸ ಮಾಡಬೇಕು. 12 ವೋಲ್ಟ್ ಸರ್ಕ್ಯೂಟನ್ನ ಹಾಗೇ ನಕಲು ಮಾಡಿದ್ರೆ ಬ್ಯಾಟರಿ ಸೊರಗಿದ ದಿನ ಕಿಡಿಯೇ ಬರಲ್ಲ.

ನನ್ನ ಮೊದಲ ಬೋರ್ಡ್ ತಲೆಕೆಳಗಾಗಿತ್ತು. ಪಾಯಿಂಟ್ ಮುಚ್ಚಿದಾಗ ಕಾಯಿಲ್ ಆನ್ ಆಗಬೇಕು, ತೆರೆದಾಗ ಆಫ್. ನಂದು ಉಲ್ಟಾ. ಪಿಸ್ಟನ್ ಕೆಳಗಿದ್ದು ಎಕ್ಸಾಸ್ಟ್ ದಾರಿ ತೆರೆದಿರುವಾಗ ಕಿಡಿ ಹಾರಿ ಸೈಲೆನ್ಸರ್ ಢಮ್ ಅಂತು. ಪಕ್ಕದ ಮನೆಯವರು ಓಡಿಬಂದ್ರು. ಅಪ್ಪ ನಗಲಿಲ್ಲ, "ತಾತ ಇದ್ದಿದ್ರೆ ಗಾಡಿ ಮುಟ್ಟೋಕೆ ಬಿಡ್ತಿರಲಿಲ್ಲ" ಅಂದ್ರು.

ಆ ಮಾತು ಚುಚ್ಚಿತು. ಹಳೇ ಗಾಡಿಗೆ ಹೊಸ ಅಂಗ ಹಾಕೋದು ಸರಿಯಾ? ನಾನು ಕಂಡುಕೊಂಡ ಉತ್ತರ ಇಷ್ಟೇ: ಒಂದು ತೂತೂ ಕೊರೆಯಬೇಡಿ, ಒಂದು ವೈರೂ ಕತ್ತರಿಸಬೇಡಿ. ಹತ್ತು ನಿಮಿಷದಲ್ಲಿ ಮೊದಲಿನ ಹಾಗೆ ಮಾಡೋಕೆ ಆಗಬೇಕು. ಎರಡನೇ ಬೋರ್ಡ್ ಸೀಟಿನ ಕೆಳಗೆ ಪುಟ್ಟ ಡಬ್ಬಿಯಲ್ಲಿ ಕೂತಿದೆ.

ಟೈಮಿಂಗ್ ಇಡೋ ಕೆಲಸ ಮಾತ್ರ ಅಪ್ಪನದ್ದು. ಪಾಯಿಂಟ್ ನಡುವೆ ತೆಳು ಕಾಗದ ಸಿಕ್ಕಿಸಿ, ಕ್ರ್ಯಾಂಕ್ ಮೆಲ್ಲಗೆ ತಿರುಗಿಸಿ, ಕಾಗದ ಸಡಿಲವಾಗೋ ಕ್ಷಣವನ್ನ ಬೆರಳಲ್ಲೇ ಹಿಡೀತಾರೆ. ಈಗ ನನಗೂ ಕಲಿಸ್ತಿದ್ದಾರೆ. ಹೋದ ಭಾನುವಾರ ಇಬ್ಬರೂ ಬೆಟ್ಟ ಹತ್ತಿದ್ವಿ, ಎಲ್ಲೂ ನಿಲ್ಲಲಿಲ್ಲ. ಆದ್ರೂ ಟೂಲ್‌ಬಾಕ್ಸಿನಲ್ಲಿ ಹಳೇ ಕಂಡೆನ್ಸರ್ ಒಂದು ಇಟ್ಟೇ ಇದೀನಿ. ಟ್ರಾನ್ಸಿಸ್ಟರ್ ಸುಟ್ಟುಹೋದ್ರೆ ದಾರಿಯಲ್ಲಿ ಅದನ್ನ ಉಜ್ಜಿ ಸರಿಮಾಡೋಕೆ ಆಗಲ್ಲ ನೋಡಿ.