ಕಾವೇರಿ ನೀರಿನಲ್ಲಿ ಕೀಟನಾಶಕ: ಕುದಿಸಿದರೆ ಸಾಕೆ?

ಪುಟ್ಟೇನಹಳ್ಳಿ, ಜೆ.ಪಿ. ನಗರದ ಮನೆಗಳ ನಲ್ಲಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಅದನ್ನು ಸೋಸಿ, ಕ್ಲೋರಿನ್ ಬೆರೆಸಿ ಕಳಿಸುತ್ತಾರೆ. ಅಲ್ಲಿಗೆ ಮುಟ್ಟುವ ಮೊದಲೇ ನದಿ ಕೊಡಗಿನ ಕಾಫಿ ತೋಟಗಳನ್ನೂ ಮೈಸೂರು, ಮಂಡ್ಯ ಜಿಲ್ಲೆಗಳ ಭತ್ತ, ಕಬ್ಬಿನ ಗದ್ದೆಗಳನ್ನೂ ದಾಟಿರುತ್ತದೆ. ಅಲ್ಲೆಲ್ಲ ಬೆಳೆಗೆ ಹೊಡೆಯುವ ‘ಔಷಧಿ’ ನೀರಿಗೆ ಸೇರುವುದಿಲ್ಲವೆ?

ಬರುವುದೆಲ್ಲಿಂದ?

ಸೇರುತ್ತದೆ. ಸಿಂಪಡಿಸಿದ್ದೆಲ್ಲ ಹುಳುವಿಗೆ ತಗಲುವುದಿಲ್ಲ. ಬಹುಪಾಲು ಎಲೆ, ಮಣ್ಣು, ಗಾಳಿಯ ಪಾಲಾಗುತ್ತದೆ. ಮಳೆ ಬಂದಾಗ ಮಣ್ಣಿನೊಡನೆ ಕೊಚ್ಚಿಕೊಂಡು ಹಳ್ಳ, ಹಳ್ಳದಿಂದ ಹೊಳೆ ಸೇರುತ್ತದೆ. ಗದ್ದೆಯಿಂದ ಹೊರಬಿಟ್ಟ ನೀರು, ಕಾಲುವೆಯಲ್ಲಿ ತೊಳೆದ ಸಿಂಪಡಣೆ ಕ್ಯಾನು, ಬದುವಿನಲ್ಲಿ ಎಸೆದ ಖಾಲಿ ಬಾಟಲಿ ಇವೂ ಮೂಲಗಳೇ.

ಹಳೆಯ ವಿಷಗಳೂ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಕಾಫಿಯ ಬಿಳಿ ಕಾಂಡಕೊರಕ ಹುಳುವಿಗೆ ಹಿಂದೆ ಬಿ.ಎಚ್.ಸಿ., ನಂತರ ಲಿಂಡೇನ್ ಬಳಸುತ್ತಿದ್ದರು. ಬಿ.ಎಚ್.ಸಿ.ಗೆ 1997ರಲ್ಲಿ ನಿಷೇಧ ಬಂತು. ಲಿಂಡೇನ್ ಬಳಕೆಗೆ 2013ರಲ್ಲಿ. ಆದರೆ ಡಿ.ಡಿ.ಟಿ.ಯಂತೆ ಇವೂ ಮಣ್ಣು, ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮೀನಿನ ಮತ್ತು ಮನುಷ್ಯರ ಕೊಬ್ಬಿನಲ್ಲಿ ಸಂಗ್ರಹವಾಗುತ್ತವೆ. ತಮಿಳುನಾಡಿನ ಭಾಗದ ಕಾವೇರಿಯ ನೀರಿನಲ್ಲಿ ಇವುಗಳ ಅಂಶ ಇರುವುದನ್ನು ಸಂಶೋಧಕರು 1990ರ ದಶಕದಲ್ಲೇ ವರದಿ ಮಾಡಿದ್ದರು.

ಪಡ್ರೆಯ ಪಾಠ

ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ತೊರೆಗಳ ನೀರನ್ನೇ ನಂಬಿದ್ದ ಪಡ್ರೆ ಗ್ರಾಮದ ಬಾಲಕರ ರಕ್ತದಲ್ಲಿ ಆ ವಿಷದ ಅಂಶವಿದೆ, ಅವರ ಪ್ರೌಢಾವಸ್ಥೆ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಹಿಡಿಯಿತು.

ನದಿಯ ನೀರಿನಲ್ಲಿರುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಕುಡಿದ ಕೂಡಲೇ ಏನೂ ಆಗುವುದಿಲ್ಲ. ಚಿಂತೆ ಇರುವುದು ಅಲ್ಪ ಪ್ರಮಾಣ ವರ್ಷಾನುಗಟ್ಟಲೆ ದೇಹ ಸೇರುವುದರ ಬಗ್ಗೆ. ಗರ್ಭಿಣಿಯರು, ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ಡಿ.ಡಿ.ಟಿ. 1 ಮೈಕ್ರೋಗ್ರಾಂ, ಎಂಡೋಸಲ್ಫಾನ್ 0.4 ಮೈಕ್ರೋಗ್ರಾಂ ಮೀರಬಾರದು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಬಣ್ಣ, ವಾಸನೆಯಿಂದ ಇದು ಗೊತ್ತಾಗದು; ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಮನೆಯಲ್ಲಿ ಏನು ಮಾಡಬಹುದು?

* ನೀರು ಕುದಿಸುವುದನ್ನು ಬಿಡಬೇಡಿ. ಅದು ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಕೀಟನಾಶಕವನ್ನು ತೆಗೆಯಲು ಅದನ್ನು ನಂಬುವಂತಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗದು.

* ಸಕ್ರಿಯ ಇದ್ದಿಲು ಇರುವ ಫಿಲ್ಟರ್ ಅಥವಾ ಆರ್.ಓ. ಯಂತ್ರ ಬಹುಮಟ್ಟಿಗೆ ತಗ್ಗಿಸುತ್ತದೆ. ಇದ್ದಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಪ್ರಯೋಜನವಿಲ್ಲ.

* ಸಾಮಾನ್ಯವಾಗಿ ನೀರಿಗಿಂತ ಆಹಾರದಿಂದಲೇ ಹೆಚ್ಚು ಕೀಟನಾಶಕ ದೇಹ ಸೇರುತ್ತದೆ. ಸೊಪ್ಪು, ತರಕಾರಿ, ದ್ರಾಕ್ಷಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಕೋಸಿನ ಹೊರ ಎಲೆ ತೆಗೆದುಬಿಡಿ.

* ತಾಯಂದಿರು ಹೆದರಿ ಎದೆಹಾಲು ನಿಲ್ಲಿಸಬಾರದು. ಅದರ ಲಾಭ ಈ ಭಯಕ್ಕಿಂತ ದೊಡ್ಡದು.

* ಜಿರಳೆ, ಗೆದ್ದಲಿನ ಔಷಧಿ ಉಳಿದರೆ ಬಚ್ಚಲಿಗೆ ಸುರಿಯಬೇಡಿ. ಬೆಂಗಳೂರಿನ ಚರಂಡಿ ನೀರನ್ನು ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು.

ಅಂದರೆ ಕೊಡಗಿನವರು ನಮಗೆ ಮೇಲಿನವರಾದರೆ, ಕೆಳಗಿನ ಊರುಗಳಿಗೆ ನಾವು ಮೇಲಿನವರು. ಮನೆಯ ಫಿಲ್ಟರ್ ನಮ್ಮೊಂದು ಮನೆಯನ್ನಷ್ಟೇ ಕಾಯುತ್ತದೆ. ನದಿಯನ್ನು ಕಾಯಬೇಕಾದರೆ ವಿಷ ನೀರಿಗೆ ಬೀಳುವ ಜಾಗದಲ್ಲೇ ಅದನ್ನು ತಡೆಯಬೇಕು.