ದೆಹಲಿಯ ರೋಹಿಣಿಯಲ್ಲೊಂದು ಪುಟ್ಟ ಸಮುದ್ರ: ಉಪ್ಪುನೀರಿನ ಅಕ್ವೇರಿಯಂ ಇಡುವ ಮುನ್ನ ಈ ವಿಷಯಗಳು ಗೊತ್ತಿರಲಿ

ನವದೆಹಲಿ: ಕರ್ನಾಟಕದ ರೈತರಿಗೆ ರೋಹಿಣಿ ಎಂದರೆ ಮಳೆ. ಮೇ ಕೊನೆಯ ವಾರ ಬಂತೆಂದರೆ ಆಕಾಶ ನೋಡುತ್ತಾ ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತು. ದೆಹಲಿಯಲ್ಲಿ ಅದೇ ದಿನಗಳಿಗೆ ‘ನೌತಪಾ’ ಎಂಬ ಹೆಸರು. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಕಾಲಿಟ್ಟ ಮೊದಲ ಒಂಬತ್ತು ದಿನ ಬೆಂಕಿಯಂಥ ಬಿಸಿಲು. ರಾಜಧಾನಿಯ ವಾಯವ್ಯಕ್ಕಿರುವ ರೋಹಿಣಿ ಬಡಾವಣೆಯ ಫ್ಲ್ಯಾಟ್‌ನಲ್ಲಿ ಕುಳಿತು, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿ, 26 ಡಿಗ್ರಿಯ ಸಮುದ್ರದ ನೀರನ್ನು ಗಾಜಿನ ತೊಟ್ಟಿಯಲ್ಲಿ ಕಾಪಾಡಲು ಹೊರಟವರಿಗೆ ಕಷ್ಟ ಶುರುವಾಗುವುದೇ ಇಲ್ಲಿಂದ.

ಆದರೂ ಆಸೆ ಸುಳ್ಳಲ್ಲ. 2003ರಲ್ಲಿ ‘ಫೈಂಡಿಂಗ್ ನೀಮೊ’ ಸಿನಿಮಾ ಬಂದ ಮೇಲೆ ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್‌ಫಿಶ್ ಮಕ್ಕಳ ಅಚ್ಚುಮೆಚ್ಚಾಯಿತು. ಮುರುಡೇಶ್ವರದ ಬಳಿ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿ ಬಂದವರಿಗಂತೂ ಆ ನೀಲಿ ನೀರು ಕಣ್ಣಲ್ಲೇ ಉಳಿದಿರುತ್ತದೆ. ಹೇಗೆ ಶುರು ಮಾಡುವುದೆಂದು ಹುಡುಕಿದರೆ ಸಿಗುವ ವಿಡಿಯೊಗಳು ಬಹುತೇಕ ಅಮೆರಿಕ, ಯುರೋಪಿನವು. ಅಲ್ಲಿನವರು ಹೇಳದ ಎರಡು ಸಂಗತಿಗಳಿವೆ. ಒಂದು ಉತ್ತರ ಭಾರತದ ಹವೆ. ಇನ್ನೊಂದು ನಮ್ಮ ದೇಶದ ಕಾನೂನು. ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಅಲ್ಲಿ ಎಡವಿದರೆ ಹೋಗುವುದು ಬರೀ ದುಡ್ಡಲ್ಲ.

ಹವಳ ಇಟ್ಟರೆ ಜೈಲು ಶಿಕ್ಷೆಯೇ?

ಹೌದು, ಆಗಬಹುದು. ಹವಳದ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ ಸೇರಿಸಿತು. ಅಂದರೆ ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಕಪ್ಪು ಹವಳ, ಬೆಂಕಿ ಹವಳ, ಕೊಳಲಿನಂತೆ ಕೆಂಪು ಕೊಳವೆಗಳಿರುವ ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್ ಕೂಡ ಅದೇ ಸಾಲಿನಲ್ಲಿವೆ. 2022ರ ತಿದ್ದುಪಡಿಯ ನಂತರ ಮೊದಲ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪೆಸಗಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಸಮುದ್ರ ಕುದುರೆ, ಸಮುದ್ರ ಸೌತೆ, ಕೆಲವು ದೈತ್ಯ ಕಪ್ಪೆಚಿಪ್ಪುಗಳಿಗೂ ಈ ಕಾಯ್ದೆಯ ರಕ್ಷಣೆ ಇದೆ.

ಮಾರುವವರು ಸಾಮಾನ್ಯವಾಗಿ ಹೇಳುವ ಮಾತು: ‘ಇದು ಇಂಪೋರ್ಟೆಡ್ ಮಾಲು ಸರ್, ತೊಂದರೆ ಇಲ್ಲ.’ ಬಾಯಿಮಾತಿಗೆ ಬೆಲೆಯಿಲ್ಲ. ಗಟ್ಟಿ ಹವಳಗಳು ಅಂತರರಾಷ್ಟ್ರೀಯ ‘ಸೈಟ್ಸ್’ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಗಡಿ ದಾಟಿ ಬರಬೇಕಾದರೆ ಪರವಾನಗಿ ಬೇಕು. ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮವೂ 2024ರಲ್ಲಿ ಬಂದಿದೆ. ಹೊಸಬರಿಗೆ ನಮ್ಮ ಸಲಹೆ ನೇರವಾಗಿದೆ: ಗಟ್ಟಿ ಹವಳದ ಗೊಡವೆಯೇ ಬೇಡ.

ಸತ್ತ ಹವಳದ ಕಲ್ಲೂ ಇದೇ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಕಡಲತೀರದಿಂದ ಹೆಕ್ಕಿ ತಂದ ಬಿಳಿ ಹವಳದ ತುಂಡನ್ನು ಟ್ಯಾಂಕಿಗೆ ಹಾಕುವುದು ಅಲಂಕಾರವಲ್ಲ, ಅಪರಾಧ. ಅದರ ಬದಲು ಸೆರಾಮಿಕ್‌ನಿಂದ ಮಾಡಿದ, ಸಣ್ಣ ಸಣ್ಣ ರಂಧ್ರಗಳಿರುವ ಕೃತಕ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾ ಮನೆ ಮಾಡಲು ಅದು ಧಾರಾಳ ಸಾಕು.

ಹಾಗಾದರೆ ‘ರೀಫ್’ ಎನ್ನುವುದಕ್ಕೆ ಉಳಿಯುವುದೇನು? ಮೆತ್ತಗಿನ ಜೀವಿಗಳು. ಅಣಬೆಯಂತೆ ಅರಳುವ ಮಶ್ರೂಮ್ ಹವಳ, ತೊಗಲಿನಂತಿರುವ ಲೆದರ್ ಹವಳ, ಗುಂಪಾಗಿ ಬೆಳೆಯುವ ಝೊಯಾಂಥಿಡ್. ಇವು ಆ ಪಟ್ಟಿಯ ಗಟ್ಟಿ ಹವಳಗಳ ಗುಂಪಿಗೆ ಸೇರಿಲ್ಲ, ಆರೈಕೆಯೂ ಸುಲಭ. ಹೆಸರು ಬರೆದ ಬಿಲ್ ಕೇಳಿ ಪಡೆದು ಜೋಪಾನವಾಗಿಡಿ. ಝೊಯಾಂಥಿಡ್ ಕೊಂಡವರು ಮಾತ್ರ ಒಂದು ಎಚ್ಚರ ವಹಿಸಬೇಕು. ಇವುಗಳಲ್ಲಿ ಕೆಲವು ಜಾತಿಗಳಿಗೆ ಪ್ಯಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವಿದೆ. ಬರಿಗೈಯಲ್ಲಿ ಉಜ್ಜಬೇಡಿ. ಅವು ಬೆಳೆದ ಕಲ್ಲನ್ನು ‘ಕ್ಲೀನ್’ ಮಾಡುತ್ತೇವೆಂದು ಬಿಸಿನೀರಲ್ಲಿ ಕುದಿಸಲೇಬೇಡಿ. ಆವಿಯನ್ನು ಉಸಿರಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

ಸಣ್ಣದು ಎಂದರೆ ಎಷ್ಟು ಸಣ್ಣದು?

ಮೇಜಿನ ಮೇಲಿಡುವ 20 ಲೀಟರ್ ತೊಟ್ಟಿ ನೋಡಲು ಮುದ್ದಾಗಿರುತ್ತದೆ, ಸಾಕಲು ಅದೇ ಅತಿ ಕಷ್ಟ. ನೀರು ಕಡಿಮೆಯಾದಷ್ಟೂ ಉಷ್ಣತೆ, ಉಪ್ಪಿನಂಶ ಬೇಗ ಏರುಪೇರಾಗುತ್ತವೆ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಟ್ಯಾಂಕ್ ಆದರೆ ಲೆಕ್ಕಕ್ಕೆ 96 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಜಾಗ ಬಿಟ್ಟರೆ ನಿಜವಾಗಿ 80 ಲೀಟರ್ ನೀರು ಹಿಡಿಯುತ್ತದೆ. ಆರಂಭಕ್ಕೆ ಇದು ಸರಿಯಾದ ಅಳತೆ. ಗಾಜು, ಸ್ಟ್ಯಾಂಡ್ ಸೇರಿ ತೂಕ 120 ಕೆಜಿ ದಾಟುವುದರಿಂದ ಬಾಲ್ಕನಿ ಬೇಡ, ಒಳಗೆ ಗೋಡೆಗೆ ತಾಗಿಸಿ ಇಡಿ. ಕಿಟಕಿಯ ಬಿಸಿಲು ಬೀಳಬಾರದು.

ಬೋರ್‌ವೆಲ್ ನೀರೂ ಉಪ್ಪೇ ಅಲ್ಲವೇ?

ವಾಯವ್ಯ ದೆಹಲಿಯ ಹಲವೆಡೆ ಅಂತರ್ಜಲ ಉಪ್ಪುಪ್ಪು. ಹಾಗಾಗಿ ಈ ಪ್ರಶ್ನೆ ಬರುವುದು ಸಹಜ. ಆದರೆ ಅದು ಸಮುದ್ರದ ಉಪ್ಪಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರ್‌ಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಬಿಐಎಸ್ ಮಾನದಂಡ. ಸಮುದ್ರದ ನೀರಿನಲ್ಲಿ ಅದು ಸುಮಾರು 35,000 ಮಿಲಿಗ್ರಾಂ. ಆ ಉಪ್ಪಿನಲ್ಲಿ ಸೋಡಿಯಂ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ನಿಗದಿತ ಪ್ರಮಾಣದಲ್ಲಿರುತ್ತವೆ. ಅದಕ್ಕೇ ಅಡುಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪಿನ ಮಿಶ್ರಣ ಬೇಕು.

ಅದನ್ನು ಕಲಸಲು ನೀರು ಶೂನ್ಯದಿಂದ ಶುರುವಾಗಬೇಕು. ರೋಹಿಣಿಯ ಮನೆಗಳಲ್ಲಿ ಆರ್‌ಒ ಯಂತ್ರ ಸಾಮಾನ್ಯ. ಆದರೆ ಕುಡಿಯುವ ನೀರಿನ ಆರ್‌ಒಗಳಲ್ಲಿ ರುಚಿಗೆಂದು ಖನಿಜವನ್ನು ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಟಿಡಿಎಸ್ ಮೀಟರ್ ಇಟ್ಟು ನೋಡಿದರೆ 50, 80 ಎಂದು ತೋರಿಸುತ್ತದೆ. ಅಕ್ವೇರಿಯಂಗೆ ಅದು ಸೊನ್ನೆಗೆ ಹತ್ತಿರ ಬರಬೇಕು, ಇಲ್ಲವಾದರೆ ಪಾಚಿ ಕಾಡುತ್ತದೆ. ಆರ್‌ಒ ನಂತರ ಡಿಐ ಎಂಬ ಇನ್ನೊಂದು ಫಿಲ್ಟರ್ ಸೇರಿಸಿದರೆ ಸಮಸ್ಯೆ ಬಗೆಹರಿಯುತ್ತದೆ.

ಲೀಟರ್‌ಗೆ ಸುಮಾರು 36ರಿಂದ 38 ಗ್ರಾಂ ಉಪ್ಪು. 80 ಲೀಟರ್‌ಗೆ ಹತ್ತಿರ ಹತ್ತಿರ 3 ಕೆಜಿ. ಮೀನಿಲ್ಲದ ಬೇರೆ ಬಕೆಟ್‌ನಲ್ಲಿ ಕಲಸಿ, ಪಂಪ್ ಹಾಕಿ ಒಂದು ದಿನ ತಿರುಗಿಸಿ, ರಿಫ್ರ್ಯಾಕ್ಟೋಮೀಟರ್‌ನಲ್ಲಿ 35 ಪಿಪಿಟಿ ಅಥವಾ 1.026 ಬಂದಿದೆಯೇ ನೋಡಿ. ಕಾರವಾರ, ಮಂಗಳೂರಿನವರು ‘ನಮಗೆ ಸಮುದ್ರವೇ ಪಕ್ಕದಲ್ಲಿದೆ’ ಎನ್ನಬಹುದು. ಆದರೆ ಮಳೆಗಾಲದಲ್ಲಿ ಕಾಳಿ, ನೇತ್ರಾವತಿಯಂಥ ನದಿಗಳು ತುಂಬಿ ಹರಿದು ದಡದ ನೀರನ್ನು ಸಪ್ಪೆ ಮಾಡುತ್ತವೆ. ಅಳೆಯದೆ ತಂದರೆ ಅವರಿಗೂ ನಷ್ಟವೇ.

ಮೇ ತಿಂಗಳಲ್ಲಿ ನಡೆದದ್ದು ಜುಲೈನಲ್ಲಿ ನಡೆಯದು

ಟ್ಯಾಂಕಿನ ನೀರು 24ರಿಂದ 27 ಡಿಗ್ರಿ ಒಳಗಿರಬೇಕು. ದೆಹಲಿ ಬೇಸಿಗೆ 45 ಡಿಗ್ರಿ ಮುಟ್ಟುತ್ತದೆ, ಜನವರಿಯ ರಾತ್ರಿ 4-5ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಇದೇ ಟ್ಯಾಂಕ್ ಇಟ್ಟವರಿಗೆ ಈ ತಲೆನೋವು ಅರ್ಧದಷ್ಟೂ ಇಲ್ಲ.

ಸ್ವಲ್ಪ ಬಿಸಿಯಾದರೆ ಏನಾಯಿತು ಎನ್ನುವಂತಿಲ್ಲ. ಹವಳದ ಒಡಲಲ್ಲಿ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುವುದು, ಬಣ್ಣ ಕೊಡುವುದು ಅವೇ. ನೀರು ವಾಡಿಕೆಯ ಬೇಸಿಗೆ ಮಟ್ಟಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ, ನಂತರ ಹಸಿವಿನಿಂದ ಸಾಯುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಇದೇ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿ ತೀವ್ರ ಬಿಳುಚುವಿಕೆ ಕಂಡಿದೆ ಎಂದು ತಿಳಿಸಿತ್ತು. ಅರಬ್ಬೀ ಸಮುದ್ರವೇ ತಡೆಯಲಾಗದ ಬಿಸಿಯನ್ನು 80 ಲೀಟರ್ ನೀರು ತಡೆದೀತೇ?

ಅಗ್ಗದ ಉಪಾಯ ಒಂದಿದೆ: ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್. ದೆಹಲಿಯ ಮನೆಮನೆಯ ಕೂಲರ್ ಕೆಲಸ ಮಾಡುವುದೂ ಹೀಗೆಯೇ, ನೀರು ಆವಿಯಾಗುತ್ತಾ ತಂಪಾಗುತ್ತದೆ. ಮೇ ತಿಂಗಳ ಒಣಗಾಳಿಯಲ್ಲಿ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸಬಲ್ಲದು. ಆದರೆ ಜುಲೈನಲ್ಲಿ ಮಳೆ ಶುರುವಾಗಿ ಗಾಳಿ ಒದ್ದೆಯಾದರೆ ಕೂಲರ್ ಹೇಗೆ ಕೈಕೊಡುತ್ತದೋ ಫ್ಯಾನ್ ಕೂಡ ಹಾಗೆಯೇ ಕೈಕೊಡುತ್ತದೆ. ಆಗ ಎಸಿ ಇರುವ ಕೋಣೆ ಅಥವಾ ಚಿಲ್ಲರ್, ಎರಡೇ ದಾರಿ. ಚಿಲ್ಲರ್ ಬೆಲೆ ಟ್ಯಾಂಕಿನ ಬೆಲೆಗಿಂತ ಹೆಚ್ಚಾದರೆ ಆಶ್ಚರ್ಯ ಬೇಡ. ಅಷ್ಟು ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಉಪ್ಪುನೀರಿನ ಯೋಚನೆ ಬಿಟ್ಟು ಸಿಹಿನೀರಿನ ಮೀನು ಸಾಕುವುದೇ ಮೇಲು. ಚಳಿಗಾಲಕ್ಕೆ 100 ವಾಟ್ ಹೀಟರ್ ಒಂದರ ಬದಲು 50 ವಾಟಿನ ಎರಡು ಹಾಕಿ. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ವಿದ್ಯುತ್ ಬಿಲ್ ಲೆಕ್ಕವನ್ನೂ ಮೊದಲೇ ಹಾಕಿ. 20 ವಾಟ್ ಪಂಪ್‌ಗಳು ಇಡೀ ದಿನ, 40 ವಾಟ್ ಎಲ್ಇಡಿ 8 ಗಂಟೆ, 150 ವಾಟ್ ಚಿಲ್ಲರ್ 10 ಗಂಟೆ ಓಡಿದರೆ ದಿನಕ್ಕೆ 2.3 ಯೂನಿಟ್, ತಿಂಗಳಿಗೆ ಸುಮಾರು 70. ದೆಹಲಿಯಲ್ಲಿ 2019ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಶೂನ್ಯ, ನಮ್ಮ ಗೃಹಜ್ಯೋತಿಯ ಹಾಗೆ. 150 ಯೂನಿಟ್‌ನಲ್ಲಿ ಸಂಸಾರ ತೂಗಿಸುತ್ತಿದ್ದ ಮನೆ ಈ 70ರಿಂದಾಗಿ ಆ ಗೆರೆ ದಾಟುತ್ತದೆ. ಕರೆಂಟ್ ಹೋದಾಗ ನೀರು ತಿರುಗದೆ ಆಮ್ಲಜನಕ ಇಳಿಯುತ್ತದೆ. ಒಂದು ಪಂಪ್ ಇನ್ವರ್ಟರ್ ಮೇಲಿರಲಿ, ಇಲ್ಲವೇ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಆರು ವಾರ ಖಾಲಿ ಟ್ಯಾಂಕ್ ನೋಡುವ ತಾಳ್ಮೆ

ನೀರು ತುಂಬಿದ ಮರುದಿನವೇ ಮೀನು ಬಿಟ್ಟು, ವಾರದೊಳಗೆ ಕಳೆದುಕೊಂಡವರೇ ಹೆಚ್ಚು. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸದೆ ಕಾಯುತ್ತೇವಲ್ಲ, ಇಲ್ಲಿಯೂ ಹಾಗೆಯೇ.

ಅಕ್ವೇರಿಯಂಗೆಂದು ಸಿಗುವ ಅಮೋನಿಯಾ ದ್ರಾವಣವನ್ನು 2 ಪಿಪಿಎಂ ಆಗುವಷ್ಟು ಹಾಕಿ, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ, ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಮಾಯವಾಗಿ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ಸಿದ್ಧ. ಆಗ ಅರ್ಧದಷ್ಟು ನೀರು ಬದಲಿಸಿ. ಮೊದಮೊದಲು ಕಂದು ಬಣ್ಣದ ಪಾಚಿ ಹರಡಿದರೆ ಗಾಬರಿ ಬೇಡ, ಹೊಸ ಟ್ಯಾಂಕ್‌ಗಳೆಲ್ಲ ಆ ಹಂತ ದಾಟಿಯೇ ಬರುತ್ತವೆ.

ಮೊದಲ ಅತಿಥಿ ಯಾರು?

ಬಸವನಹುಳು ಒಂದೆರಡು, ಆಮೇಲೆ ಕ್ಲೌನ್‌ಫಿಶ್ ಜೋಡಿ. ಹ್ಯಾಚರಿಯಲ್ಲಿ ಹುಟ್ಟಿದ ಮೀನನ್ನೇ ಕೇಳಿ. ಕ್ಲೌನ್‌ಫಿಶ್ ಮರಿ ಮಾಡಿಸುವ ತಂತ್ರವನ್ನು ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮಲ್ಲೇ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಸ್ಥಳೀಯ ಮಹಿಳೆಯರೇ ಅಲಂಕಾರಿಕ ಸಮುದ್ರ ಜೀವಿಗಳನ್ನು ಬೆಳೆಸುವ ಘಟಕಗಳೂ ನಡೆದಿವೆ. ಹ್ಯಾಚರಿ ಮೀನು ಕಾಳಿನಂಥ ಆಹಾರ ತಿನ್ನಲು ಕಲಿತಿರುತ್ತದೆ, ದಿಬ್ಬದಿಂದ ಹಿಡಿದು ತಂದದ್ದಕ್ಕಿಂತ ಗಟ್ಟಿಯಾಗಿರುತ್ತದೆ.

ಕ್ಲೌನ್‌ಫಿಶ್ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು ತಂದರೆ ಜಗಳ ಕಡಿಮೆ. ಸಿನಿಮಾದಲ್ಲಿ ಕಂಡಂತೆ ಅನೆಮೊನ್ ಬೇಕೇಬೇಕು ಎಂದೇನಿಲ್ಲ, ಹೊಸ ಟ್ಯಾಂಕಿನಲ್ಲಿ ಅದು ಬದುಕುವುದೂ ಕಷ್ಟ. ‘ಡೋರಿ’ ಎಂದು ಮಕ್ಕಳು ಹಟ ಹಿಡಿಯುವ ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ ಮೀನು, 80 ಲೀಟರ್ ಅದಕ್ಕೆ ಸೆರೆಮನೆ. ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿಯನ್ನು ಅಲ್ಲೇ ಕೊಡಬಹುದು. ಮುಖ್ಯ ಟ್ಯಾಂಕಿಗೆ ಹಾಕಿದರೆ ಬಸವನಹುಳು, ಹವಳ ಎರಡೂ ಸಾಯುತ್ತವೆ. ಮೆತ್ತನೆ ಹವಳವನ್ನು ಎರಡು-ಮೂರು ತಿಂಗಳ ನಂತರ ತನ್ನಿ.

ವಾರಕ್ಕೊಮ್ಮೆ 8 ಲೀಟರ್ ನೀರು ಬದಲಿಸಿ. ದಿನವೂ ಆವಿಯಾದಷ್ಟು ತುಂಬಿಸುವಾಗ ಮಾತ್ರ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಿ, ಏಕೆಂದರೆ ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ತೆಗೆದ ನೀರನ್ನು ತುಳಸಿ ಕುಂಡಕ್ಕೆ ಸುರಿಯಬೇಡಿ.

ರಜೆಗೆ ಊರಿಗೆ ಹೋದರೆ?

ದೆಹಲಿ ಕನ್ನಡಿಗರು ಟ್ಯಾಂಕ್ ಕೊಳ್ಳುವ ಮುನ್ನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಶಾಲೆಗೆ ರಜೆ ಸಿಗುವುದು ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ಮನೆಮಂದಿಯೆಲ್ಲ ರೈಲು ಹತ್ತುವ ಆ ಹೊತ್ತಿಗೇ ಟ್ಯಾಂಕಿಗೆ ಅತಿ ಹೆಚ್ಚು ಆರೈಕೆ ಬೇಕು. ಫ್ಯಾನ್ ಓಡುತ್ತಿದ್ದರೆ ದಿನಕ್ಕೆ ಒಂದೆರಡು ಲೀಟರ್ ನೀರು ಆರುತ್ತದೆ. ನಾಲ್ಕೈದು ದಿನ ಯಾರೂ ನೋಡದಿದ್ದರೆ ಉಪ್ಪಿನಂಶ ಅಪಾಯದ ಮಟ್ಟ ಮುಟ್ಟುತ್ತದೆ. ತಾನಾಗಿಯೇ ನೀರು ತುಂಬಿಸುವ ಆಟೋ ಟಾಪ್-ಅಪ್ ಉಪಕರಣ, ಆಹಾರ ಹಾಕುವ ಫೀಡರ್ ಬರುತ್ತವೆ. ಆದರೂ ಕೀಲಿ ಕೊಟ್ಟುಹೋಗಲು ನಂಬಿಕೆಯ ನೆರೆಯವರೊಬ್ಬರು ಬೇಕು. ಹೋಗುವ ಎರಡು ವಾರ ಮೊದಲೇ ಅವರ ಕೈಯಲ್ಲಿ ಕೆಲಸ ಮಾಡಿಸಿ ನೋಡಿ. ಒಂದೊಂದು ದಿನದ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಟಾಪ್-ಅಪ್ ನೀರಿನ ಕ್ಯಾನ್ ಮೇಲೆ ‘ಉಪ್ಪಿಲ್ಲ’ ಎಂದು ಹಿಂದಿಯಲ್ಲೂ ದೊಡ್ಡದಾಗಿ ಬರೆದಿಡಿ.